ಕೇಳುವವರು ಯಾರು?

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಸಿಕ್ಕಿತು. ಯುರೋಪಿನ ಜ್ಞಾನೋದಯ ಕಾಲದ ಚಿಂತಕರು, ಲಾಕ್, ಮಾಂಟೆಸ್ಕ್ಯೂ, ವಾಲ್ಟೇರ್, ಆಡಂ ಸ್ಮಿತ್, ಕಾಂಟ್ ಎಲ್ಲರನ್ನೂ ಪರೀಕ್ಷೆಗಾಗಿ ಉರು ಹೊಡೆಯುತ್ತಿದ್ದೇನೆ, ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಹೋಗಿಬಿಡುತ್ತೆ ಅಂತ ಬರೆದಿದ್ದೀಯ. ಉರು ಹೊಡೆದರೆ ಹಾಗೇ ಆಗೋದು. ಹೆಸರುಗಳನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡು. ಮೊದಲು ಒಂದು ಕೇಸು ಹೇಳುತ್ತೇನೆ.

ಫ್ರಾನ್ಸಿನ ತುಲೂಸ್ ಪಟ್ಟಣ, 1761ರ ಅಕ್ಟೋಬರ್ 13. ಝಾನ್ ಕಲಾಸ್ ಅನ್ನೋ ಬಟ್ಟೆ ವ್ಯಾಪಾರಿಯ ಮನೆಯಲ್ಲಿ ರಾತ್ರಿ ಊಟ ಆಗಿತ್ತು. ಕೆಳಗಿನ ಅಂಗಡಿಯಲ್ಲಿ ಅವನ ದೊಡ್ಡ ಮಗನ ಹೆಣ ಸಿಕ್ಕಿತು. ಕಲಾಸ್ ಕುಟುಂಬ ಪ್ರಾಟೆಸ್ಟೆಂಟ್, ಊರು ಕ್ಯಾಥೊಲಿಕ್. ಮಗ ಕ್ಯಾಥೊಲಿಕ್ ಆಗೋನಿದ್ದ, ಅದಕ್ಕೇ ಅಪ್ಪನೇ ಕೊಂದ ಅಂತ ಬೀದಿಯಲ್ಲಿ ಸುದ್ದಿ ಎದ್ದಿತು. ಆತ್ಮಹತ್ಯೆ ಮಾಡಿಕೊಂಡವರ ಹೆಣವನ್ನು ಬೀದಿಯಲ್ಲಿ ಎಳೆಯುತ್ತಿದ್ದ ಕಾಲ ಅದು. ಆ ಅವಮಾನಕ್ಕೆ ಹೆದರಿ ಮನೆಯವರು ಮಗ ನೇಣಿನಲ್ಲಿ ತೂಗುತ್ತಿದ್ದ ವಿಷಯ ಮೊದಲು ಮುಚ್ಚಿಟ್ಟರು. ಅದೇ ಅವರಿಗೆ ಮುಳುವಾಯಿತು. ಕಿವಿಗೆ ಬಿದ್ದ ಮಾತಿದ್ದರೂ ಬಂದು ಹೇಳಿ ಅಂತ ಚರ್ಚುಗಳಲ್ಲಿ ಪ್ರಕಟಣೆ ಓದಿದರು. ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. 1762ರ ಮಾರ್ಚ್ 10ರಂದು, ಅರವತ್ತು ದಾಟಿದ ಆ ಮನುಷ್ಯನ ಮೂಳೆ ಮುರಿದು, ಚಕ್ರಕ್ಕೆ ಕಟ್ಟಿ ಕೊಂದರು. ಕೊನೆಯವರೆಗೂ ಅವನು ತಪ್ಪು ಒಪ್ಪಿಕೊಳ್ಳಲಿಲ್ಲ.

ಈ ಸುದ್ದಿ ಜಿನೀವಾ ಹತ್ತಿರ ಇದ್ದ ಫ್ರೆಂಚ್ ಬರಹಗಾರ ವಾಲ್ಟೇರ್‌ಗೆ ತಲುಪಿತು. ಅವನು ತಕ್ಷಣ ಯಾರ ಪಕ್ಷವನ್ನೂ ವಹಿಸಲಿಲ್ಲ. ಕಲಾಸ್‌ನ ಇನ್ನೊಬ್ಬ ಮಗನನ್ನು ಕರೆಸಿ ವಿಚಾರಿಸಿದ. ಮನೆಯವರನ್ನು ಬಲ್ಲವರನ್ನು ಕೇಳಿದ. ಇದು ಅನ್ಯಾಯ ಅಂತ ಖಾತ್ರಿಯಾದ ಮೇಲೆ ಹಿಡಿದ ಪಟ್ಟು ಬಿಡಲಿಲ್ಲ. ಮಂತ್ರಿಗಳಿಗೆ, ವಕೀಲರಿಗೆ ಪತ್ರದ ಮೇಲೆ ಪತ್ರ ಬರೆದ. 1763ರಲ್ಲಿ ಪರಧರ್ಮ ಸಹನೆಯ ಬಗ್ಗೆ ಒಂದು ಪುಸ್ತಕವನ್ನೇ ತಂದ. 1765ರ ಮಾರ್ಚ್ 9ರಂದು ಕಲಾಸ್ ನಿರಪರಾಧಿ ಅಂತ ಪ್ಯಾರಿಸ್‌ನಲ್ಲಿ ತೀರ್ಪು ಬಂತು. ಸತ್ತವನು ವಾಪಸ್ ಬರಲಿಲ್ಲ, ಆದರೆ ಹೆಂಡತಿ ಮಕ್ಕಳ ಮೇಲಿದ್ದ ಕಳಂಕ ಹೋಯಿತು. ತುಲೂಸ್‌ನಲ್ಲಿ ಕಾಲು ಸಾಕ್ಷಿ, ಅರೆಕಾಲು ಸಾಕ್ಷಿ ಅಂತ ಲೆಕ್ಕ ಹಾಕಿ, ಎಂಟು ಗಾಳಿಮಾತು ಕೂಡಿಸಿ ಒಂದು ಪೂರ್ತಿ ಸಾಕ್ಷಿ ಮಾಡುತ್ತಾರೆ ಅಂತ ವಾಲ್ಟೇರ್ ಮುಂದೆ ಬರೆದ. ನನಗೆ ಇವತ್ತಿಗೂ ಈ ಮಾತು ಓದಿದರೆ ಮೈ ಉರಿಯುತ್ತದೆ.

ಈಗ ನಿನ್ನ ಪಠ್ಯಕ್ಕೆ ಬಾ. ಅಧಿಕಾರ ಇರುವವನನ್ನು ಕೇಳುವವರು ಯಾರು, ಅವನು ಹೇಳಿದ್ದಕ್ಕೆ ಆಧಾರ ಏನು? ಆ ಕಾಲದ ಬರಹಗಾರರು ಒಬ್ಬೊಬ್ಬರೂ ಒಂದೊಂದು ಕಡೆಯಿಂದ ಇದನ್ನೇ ಕೇಳಿದರು ಅನ್ನೋದು ನನ್ನ ಓದು. ಕಾನೂನು ಮಾಡೋದು, ಜಾರಿ ಮಾಡೋದು, ತೀರ್ಪು ಕೊಡೋದು ಒಂದೇ ಕೈಯಲ್ಲಿದ್ದರೆ ಸ್ವಾತಂತ್ರ್ಯ ಉಳಿಯಲ್ಲ ಅಂತ ಮಾಂಟೆಸ್ಕ್ಯೂ 1748ರಲ್ಲೇ 'ದ ಸ್ಪಿರಿಟ್ ಆಫ್ ಲಾಸ್' ಪುಸ್ತಕದಲ್ಲಿ ಹೇಳಿದ್ದ. ಚಿತ್ರಹಿಂಸೆ ಕೊಟ್ಟು ಬಾಯಿ ಬಿಡಿಸಿದರೆ ಗಟ್ಟಿ ದೇಹದ ಅಪರಾಧಿ ಪಾರಾಗ್ತಾನೆ, ಬಡಕಲು ನಿರಪರಾಧಿ ಸಿಕ್ಕಿಬೀಳ್ತಾನೆ ಅಂತ 1764ರಲ್ಲಿ ಇಟಲಿಯ ಮಿಲಾನ್‌ನ ಚಿಂತಕ ಬೆಕಾರಿಯ ತೋರಿಸಿಕೊಟ್ಟ. ವಿಜ್ಞಾನದಲ್ಲೂ ಅಷ್ಟೇ. ನ್ಯೂಟನ್ ದೊಡ್ಡವನು ಅಂತ ಯಾರೂ ಅವನನ್ನು ನಂಬಬೇಕಿರಲಿಲ್ಲ. ಲೆಕ್ಕ ಮಾಡಿ ನೋಡಬಹುದಿತ್ತು. ಹಾಗೆ ಲೆಕ್ಕ ಮಾಡಿ, ಚಲನೆ, ಗುರುತ್ವಾಕರ್ಷಣೆಯ ನಿಯಮಗಳಿರುವ ಅವನ ಪುಸ್ತಕ ಪ್ರಿನ್ಸಿಪಿಯಾವನ್ನು ಫ್ರೆಂಚಿಗೆ ತಂದವಳು ಎಮಿಲಿ ದು ಶಾತಲೆ. ನಿನ್ನ ಪಠ್ಯಪುಸ್ತಕದಲ್ಲಿ ಅವಳ ಹೆಸರಿಲ್ಲದಿದ್ದರೆ ನೀನೇ ಬರೆದುಕೋ.

ಸ್ಮಿತ್ ವಿಷಯದಲ್ಲಿ ಸ್ವಲ್ಪ ಹುಷಾರು. ಅವನನ್ನು ವ್ಯಾಪಾರಿಗಳ ವಕೀಲ ಅಂತ ತಿಳಿದವರೇ ಜಾಸ್ತಿ. ಪ್ರತಿಯೊಬ್ಬರೂ ತಮ್ಮ ಲಾಭ ನೋಡಿಕೊಂಡರೂ ಸಮಾಜಕ್ಕೆ ಒಳ್ಳೆಯದಾಗುತ್ತೆ ಅನ್ನೋ ಅರ್ಥದ 'ಕಾಣದ ಕೈ' ಅನ್ನೋ ಮಾತು 1776ರ ಆ ದೊಡ್ಡ ಪುಸ್ತಕ 'ದ ವೆಲ್ತ್ ಆಫ್ ನೇಷನ್ಸ್'ನಲ್ಲಿ ಬರೋದು ಒಂದೇ ಸಲ. ಆದರೆ ವ್ಯಾಪಾರಿಗಳ ಕಂಪನಿ ನಡೆಸೋ ಸರ್ಕಾರ ಯಾವ ದೇಶಕ್ಕೇ ಆಗಲಿ ಬಹುಶಃ ಎಲ್ಲಕ್ಕಿಂತ ಕೆಟ್ಟದ್ದು ಅಂತ ಅದರಲ್ಲೇ ಇದೆ. ಈಸ್ಟ್ ಇಂಡಿಯಾ ಕಂಪನಿ ಬಂಗಾಳದಲ್ಲಿ ಮಾಡಿದ್ದನ್ನು ಅವನು ಸುಮ್ನೆ ಬಿಡಲಿಲ್ಲ. ಭಾರತದಲ್ಲಿ ಓದೋ ನೀನು ಆ ಪುಟಗಳನ್ನು ತಪ್ಪಿಸಲೇಬಾರದು.

ಹಾಗಂತ ಇವರನ್ನೆಲ್ಲ ಪೂಜೆ ಮಾಡಬೇಡ. ಸ್ವಾತಂತ್ರ್ಯದ ಬಗ್ಗೆ ಅಷ್ಟು ಬರೆದ ಲಾಕ್, ಗುಲಾಮರನ್ನು ಮಾರುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಹಣ ಹಾಕಿದ್ದ. ಅವನ ಧರ್ಮಸಹನೆಯಲ್ಲಿ ನಾಸ್ತಿಕರಿಗೆ ಜಾಗ ಇರಲಿಲ್ಲ. ವಾಲ್ಟೇರ್ ಯಹೂದಿಗಳ ಬಗ್ಗೆ ಬರೆದದ್ದು ಓದಿದರೆ ಬೇಸರವಾಗುತ್ತದೆ. ಕಾಂಟ್ ಕಪ್ಪು ಜನರನ್ನು ಕೀಳಾಗಿ ಕಂಡ. ಇದನ್ನು ಮುಚ್ಚಿಡಬೇಡ, ಇದೊಂದೇ ಹಿಡಿದು ಪುಸ್ತಕವನ್ನೂ ಎಸೆಯಬೇಡ. ಅವರ ಮಾತನ್ನು ಅವರ ಕಾಲದವರೇ ಹಿಡಿದು ಕೇಳಿದ್ದಾರೆ. ಫ್ರೆಂಚ್ ಲೇಖಕಿ ಒಲಿಂಪ್ ದ ಗೂಜ್ 1791ರಲ್ಲಿ ಬರೆದಳು: ವಧಾಸ್ಥಾನ ಏರುವ ಹಕ್ಕು ಹೆಣ್ಣಿಗಿದೆ ಅಂದಮೇಲೆ ಭಾಷಣದ ವೇದಿಕೆ ಏರುವ ಹಕ್ಕೂ ಇರಬೇಕು. 1793ರಲ್ಲಿ ಅವಳನ್ನು ತಲೆ ಕಡಿಯುವ ಯಂತ್ರ ಗಿಲೊಟಿನ್‌ಗೆ ಕೊಟ್ಟರು.

ಓದುವ ಕ್ರಮ ಕೇಳಿದ್ದೆ, ಅಲ್ವಾ? ಕಾಂಟ್ 1784ರಲ್ಲಿ ಬರೆದ ಜ್ಞಾನೋದಯದ ಲೇಖನ ಕೆಲವೇ ಪುಟ, ಅಲ್ಲಿಂದ ಶುರು ಮಾಡು. ಆಮೇಲೆ ವಾಲ್ಟೇರ್‌ನ ಸಹನೆಯ ಪುಸ್ತಕ. ಮಾಂಟೆಸ್ಕ್ಯೂ ತುಂಬ ದಪ್ಪ, 11ನೇ ಭಾಗದ 6ನೇ ಅಧ್ಯಾಯ ಸದ್ಯಕ್ಕೆ ಸಾಕು. ಸ್ಮಿತ್‌ನಲ್ಲಿ 4ನೇ ಭಾಗದ 7ನೇ ಅಧ್ಯಾಯ, ವಸಾಹತುಗಳ ಬಗ್ಗೆ ಇರೋದು. ಓದುವಾಗ ನಿನಗೆ ಒಪ್ಪಿಗೆಯಾಗದ ಸಾಲುಗಳ ಪಕ್ಕದಲ್ಲಿ ಯಾಕೆ ಅಂತ ಪೆನ್ಸಿಲಿನಲ್ಲಿ ಬರೆದಿಡು. ದಸರಾ ರಜೆಗೆ ಬಂದಾಗ ಅವನ್ನೇ ಕೂತು ನೋಡೋಣ.

ನಿನ್ನ,
ದೊಡ್ಡಮ್ಮ