ಗ್ಲಿಸನ್, ಗ್ಲಿಟರ್ ಮತ್ತು ಕಡಲಿ ಹೊಲದ ಇಬ್ಬನಿ

ಧಾರವಾಡ

ಪ್ರೀತಿಯ ಗೆಳೆಯಾ,

ನಿನ್ನ ಅನುವಾದದಲ್ಲಿ ‘ಅವಳ ಕಣ್ಣು ನೀರು ತುಂಬಿ ಝಗಝಗಿಸಿದವು’ ಎಂಬಲ್ಲಿ ಪೆನ್ಸಿಲ್ ಗುರುತು ಹಾಕಿದ್ದೇನೆ. ಇಂಗ್ಲಿಷ್ ಮೂಲದಲ್ಲಿರುವುದು ಗ್ಲಿಸನ್ (glisten), ‘ಟಿ’ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ನೀನು ಕೊಟ್ಟದ್ದು ಗ್ಲಿಟರ್‌ನ ಅರ್ಥ. ಝಗಝಗಿಸುವುದು ಜರಿ, ಕಣ್ಣೀರಲ್ಲ.

ಎರಡಕ್ಕೂ ‘ಹೊಳೆಯುವುದು’ ಎಂದುಬಿಟ್ಟರೆ ಕೆಲಸ ಮುಗಿಯದು. ಮೊದಲು ಹೊಳೆಯುವುದರ ಮೈ ನೋಡು. ಮಳೆ ಬಿದ್ದ ಎರಿಮಣ್ಣಿನ ದಾರಿಯಲ್ಲಿ ನೀರಿನ ಪದರ ತಗ್ಗುದಿಣ್ಣೆ ಮುಚ್ಚಿ ನುಣುಪಾಗುತ್ತದೆ. ಚದುರುತ್ತಿದ್ದ ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ. ಅದು ಗ್ಲಿಸನ್. ಬೆವೆತ ಬೆನ್ನು, ತುಪ್ಪ ಸವರಿದ ಹೋಳಿಗೆ ಎಲ್ಲ ಅದೇ ಜಾತಿ. ಎಣ್ಣೆ ಹಚ್ಚಿದ ಜಡೆ ನೋಡಿ ನಮ್ಮ ಮಂದಿ ‘ಮಿರಿಮಿರಿ ಮಿಂಚತೈತಿ’ ಅಂತಾರಲ್ಲ, ಆ ಮಾತು ಇಲ್ಲಿಗೆ ಸರಿ ಕೂಡುತ್ತದೆ.

ಗ್ಲಿಟರ್‌ಗೆ ಬೇಕಾದದ್ದು ಚೂರುಚೂರು ಮೈ. ಲಂಬಾಣಿ ಲಂಗಕ್ಕೆ ಹೊಲಿದ ಕನ್ನಡಿ ತುಣುಕುಗಳು ಒಂದೊಂದೂ ಒಂದೊಂದು ಕಡೆ ಓರೆ. ಹೆಜ್ಜೆ ಇಟ್ಟಂತೆ ಒಂದು ಆರಿ ಇನ್ನೊಂದು ಹೊತ್ತುತ್ತದೆ. ಅನುಮಾನ ಬಂದರೆ ತಲೆಯನ್ನು ಒಂದು ಗೇಣು ಪಕ್ಕಕ್ಕೆ ಸರಿಸು: ಬೆಳಕಿನ ಪಟ್ಟೆ ನಿನ್ನ ಜೊತೆ ಜಾರಿದರೆ ಗ್ಲಿಸನ್, ಚುಕ್ಕೆಗಳು ಜಾಗ ಬದಲಿಸಿದರೆ ಗ್ಲಿಟರ್.

ಹಸಿ ಎಂದರೆ ಗ್ಲಿಸನ್, ಒಣ ಎಂದರೆ ಗ್ಲಿಟರ್ ಎಂದು ಮಾತ್ರ ಬಾಯಿಪಾಠ ಮಾಡಬೇಡ. ಚಳಿಗಾಲದ ಬೆಳಿಗ್ಗೆ ಗದಗ ಸೀಮೆಯ ಕಡಲಿ ಹೊಲಕ್ಕೆ ಹೋಗು. ಎಲೆಯ ಸಣ್ಣ ರೋಮಗಳ ಮೇಲೆ ಹನಿಗಳು ಬಿಡಿಬಿಡಿಯಾಗಿ ನಿಂತಿರುತ್ತವೆ. ಎಳೆಬಿಸಿಲಿಗೆ ಒಂದೊಂದು ಹನಿಯೂ ಬೇರೆಯಾಗಿ ಹೊಳೆದು, ಇಡೀ ಹೊಲ ಗ್ಲಿಟರ್. ಹನಿ ಕೂಡಿ ಎಲೆ ಪೂರ್ತಿ ತೊಯ್ದರೆ ಅದೇ ನೀರು ಗ್ಲಿಸನ್.

ಗ್ಲಿಟರ್‌ಗೆ ಒಂದು ಶಂಕೆಯೂ ಅಂಟಿಕೊಂಡಿದೆ. ಹೊಳೆಯುವುದೆಲ್ಲ ಬಂಗಾರವಲ್ಲ ಎಂಬ ಗಾದೆಯನ್ನು ಇಂಗ್ಲಿಷಿನಲ್ಲಿ ಈಗ ಗ್ಲಿಟರ್ ಹಾಕಿಯೇ ಹೇಳುತ್ತಾರೆ. ಶೇಕ್ಸ್‌ಪಿಯರ್ ಬರೆದದ್ದು ಗ್ಲಿಸ್ಟರ್ (glister), ಅದೇ ಅರ್ಥದ ಹಳೆಯ ಪದ. ಈ ಶಂಕೆಯ ಅರ್ಥ ಬಂದಲ್ಲಿ ‘ಥಳಕು’ ಬಳಸು. ಎಷ್ಟು ಚಂದದ ಮಾತು ಅದು, ಹೊಳಪನ್ನೂ ಹುಸಿಯನ್ನೂ ಒಟ್ಟಿಗೇ ಹೇಳುತ್ತದೆ.

‘ಕಣ್ಣು ತುಂಬಿ ಹೊಳೆದವು’ ಎಂದು ತಿದ್ದು, ಸಾಕು. ನಿನ್ನ ಸ್ವಂತ ಕತೆಯಲ್ಲಿ ಫೇಡೆಯ ಮೇಲಿನ ಪುಡಿಸಕ್ಕರೆ ‘ಮಿನುಗುತ್ತಿತ್ತು’ ಎಂದಿದೆ. ಹರಳು ಸಕ್ಕರೆಗೆ ಚಪ್ಪಟೆ ಮುಖಗಳಿವೆ, ಅದು ಮಿನುಗುತ್ತದೆ. ನುಣ್ಣಗೆ ಅರೆದರೆ ಬೆಳಕು ಎಲ್ಲ ಕಡೆ ಚದುರಿ ಬಿಳುಪಷ್ಟೇ ಉಳಿಯುತ್ತದೆ. ಆ ಕ್ರಿಯಾಪದ ತೆಗೆದು ‘ಬೆಳ್ಳಗೆ ಹತ್ತಿತ್ತು’ ಎಂದು ಬರೆ.

ನಿನ್ನವ