ಬೆಳಕು ಮೀನುಗಾರಿಕೆ: ತಪಾಸಣೆ ಬಂದರಿನಲ್ಲೇ ಆಗಲಿ

ಮಾನ್ಯ ಸಂಪಾದಕರೇ,

ಕಡಲಿನ ಅನನ್ಯ ಆರ್ಥಿಕ ವಲಯದ (ದಡದಿಂದ 12 ನಾಟಿಕಲ್ ಮೈಲಿಯಾಚೆ, 200ರವರೆಗಿನ ಕಡಲು) ಮೀನುಗಾರಿಕೆಗೆ ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ಹೊಸ ನಿಯಮ ತಂದಿದೆ. ಅಲ್ಲಿಗೆ ಹೋಗುವ ಯಾಂತ್ರೀಕೃತ ಬೋಟುಗಳು ಆನ್‌ಲೈನ್‌ನಲ್ಲಿ ಪಾಸ್ ಪಡೆಯಬೇಕು. ಸಾಂಪ್ರದಾಯಿಕ ದೋಣಿಗಳಿಗೆ ವಿನಾಯಿತಿ ಇದೆ, ಸ್ವಾಗತ. ಆದರೆ ಪಾಸ್ ಬೇಡ ಎಂದಾಕ್ಷಣ ನಾಡದೋಣಿಯ ಬಲೆಗೆ ಮೀನು ಬೀಳುವುದಿಲ್ಲ. ಅದೇ ನಿಯಮ ಎಲ್‌ಇಡಿ ಬೆಳಕಿನಿಂದ ಮೀನು ಸೆಳೆದು ಹಿಡಿಯುವುದನ್ನೂ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ನಿಷೇಧಿಸಿದೆ. ನಮ್ಮ ಬದುಕು ನಿಂತಿರುವುದು ಅದರ ಜಾರಿಯ ಮೇಲೆ.

ಕಡಲಿಗೆ ಬೆಳಕು ಹಾಯಿಸಿದರೆ ಬಂಗುಡೆ, ಬೂತಾಯಿ, ಬೊಂಡಾಸ್ (ಸ್ಕ್ವಿಡ್) ದೊಡ್ಡದು ಮರಿ ಎನ್ನದೆ ಬಂದು ಸೇರುತ್ತವೆ. ಪರ್ಸೀನ್ ಬಲೆ ಸುತ್ತು ಹಾಕಿ ಅಡಿಯ ಹಗ್ಗ ಎಳೆದರೆ ಇಡೀ ಗುಂಪೇ ಮೇಲೆ ಬರುತ್ತದೆ. ಮರಿಗಳು ಮೀನು ಪುಡಿ ಮಾಡುವ ಫಿಶ್‌ಮಿಲ್‌ಗೆ ಹೋಗುತ್ತವೆ. ಕಂತುಬಲೆಯಲ್ಲಿ ಹಾಗಲ್ಲ, ಬಲೆಯ ಕಣ್ಣಿನ ಅಳತೆಯ ಮೀನಷ್ಟೇ ಕಿವಿರಿನ ಬಳಿ ಸಿಕ್ಕಿಕೊಳ್ಳುತ್ತದೆ, ಮರಿ ನುಸುಳಿ ಹೋಗುತ್ತದೆ. ದಡದತ್ತ ಬರಬೇಕಾದ ಗುಂಪು ಹೊರಗೇ ಮುಗಿದರೆ ನಾಡದೋಣಿ ಸೀಮೆಎಣ್ಣೆ ಸುಟ್ಟು ಖಾಲಿ ಮರಳಬೇಕು.

ಕೇಂದ್ರ 2017ರಲ್ಲೇ ಬೆಳಕು ಮೀನುಗಾರಿಕೆ ನಿಷೇಧಿಸಿತ್ತು. ಆದರೂ ನಿಲ್ಲಲಿಲ್ಲ. 12 ನಾಟಿಕಲ್ ಮೈಲಿಯೊಳಗೆ ರಾಜ್ಯದ 1986ರ ಕಾಯ್ದೆ, ಅದರಾಚೆ ಕೇಂದ್ರದ ಅಧಿಕಾರ. ಕೆಲಸ ನಡೆಯುವುದು ರಾತ್ರಿ. ಗಸ್ತು ದೋಣಿ ಹತ್ತಿರ ಬರುವಷ್ಟರಲ್ಲಿ ದೀಪ ಆರಿಸಿದರೆ ಸಾಕ್ಷಿಯೂ ಆರಿತು.

ಆದ್ದರಿಂದ ಹಿಡಿಯಬೇಕಾದದ್ದು ಬಂದರಿನಲ್ಲಿ. ಹೆಚ್ಚುವರಿ ಜನರೇಟರ್, ಬೋಟಿನ ಬದಿಗೆ ಕಟ್ಟುವ ದೀಪಗಳ ಸಾಲು, ನೀರಿಗಿಳಿಸುವ ದೀಪ, ಅದರ ಕೇಬಲ್, ಇವು ಬಚ್ಚಿಡುವ ಸಾಮಾನುಗಳಲ್ಲ. ಜೂನ್, ಜುಲೈನ ಮೀನುಗಾರಿಕೆ ರಜೆಯಲ್ಲಿ ಬೋಟುಗಳು ದಕ್ಕೆಯಲ್ಲೇ ಇರುತ್ತವೆ. ಆಗ ಮೀನುಗಾರಿಕಾ ಇಲಾಖೆ ಮತ್ತು ಕರಾವಳಿ ಕಾವಲು ಪೊಲೀಸರು ಜೊತೆಯಾಗಿ ಒಂದೊಂದನ್ನೂ ನೋಡಲಿ. ಇಂಥ ಉಪಕರಣ ತೆಗೆಯುವವರೆಗೆ ಪರವಾನಗಿ ನವೀಕರಣ, ಕರರಹಿತ ಡೀಸೆಲ್, ಹೊಸ ಪಾಸ್ ಮೂರನ್ನೂ ತಡೆಹಿಡಿಯಲಿ. ಆಗಸ್ಟ್ ನಂತರವೂ ಹಠಾತ್ ತಪಾಸಣೆ ನಡೆಯಲಿ, ಇಲ್ಲದಿದ್ದರೆ ತೆಗೆದದ್ದು ಮತ್ತೆ ಹತ್ತುತ್ತದೆ.

ಕೇರಳದಲ್ಲಿ 10 ಸೆಂ.ಮೀ.ಗಿಂತ ಚಿಕ್ಕ ಬೂತಾಯಿ, 14 ಸೆಂ.ಮೀ.ಗಿಂತ ಚಿಕ್ಕ ಬಂಗುಡೆ ಹಿಡಿಯುವಂತಿಲ್ಲ. ಇಲ್ಲಿಯೂ ಹರಾಜಿನ ಜಾಗದಲ್ಲಿ ಮತ್ತು ಫಿಶ್‌ಮಿಲ್ ಬಾಗಿಲಲ್ಲಿ ಅಳತೆಪಟ್ಟಿ ಹಿಡಿದು ನಿಲ್ಲುವವರು ಬೇಕು.

ಇನ್ನೊಂದು ಮಾತು. ಒಳಗೆ ಇಂಜಿನ್ ಕೂರಿಸಿದ ಸಣ್ಣ ಕಂತುಬಲೆ ಬೋಟುಗಳೂ ಯಾಂತ್ರೀಕೃತ ಎಂಬ ಹೆಸರಿನಡಿ ದೊಡ್ಡ ಟ್ರಾಲರ್‌ಗಳ ಸಾಲಿಗೆ ಸೇರುತ್ತವೆ. ಅವುಗಳ ಮಾಲೀಕರಿಗೆ ಪಾಸ್‌ನ ಅರ್ಜಿಯನ್ನು ಕನ್ನಡದಲ್ಲಿ ತುಂಬಿಕೊಡುವ ವ್ಯವಸ್ಥೆ ಮೀನುಗಾರರ ಸಹಕಾರ ಸಂಘಗಳಲ್ಲೇ ಆಗಬೇಕು.

– ನಾಡದೋಣಿ ಮೀನುಗಾರರು, ಗಂಗೊಳ್ಳಿ