ಹಳೆ ಕೂಲಂಟ್ ಎಲ್ಲಿ ಚೆಲ್ಲಲಿ?

ಸಂಪಾದಕರೇ,

ಹೋದ ಶನಿವಾರ, ಭಾನುವಾರ ಕೂತು ನನ್ನ ಹಳೆ ಡೀಸೆಲ್ ಕಾರಿನ ಕೂಲಂಟ್, ಅಂದರೆ ಇಂಜಿನ್ ಬಿಸಿಯಾಗದಂತೆ ನೋಡಿಕೊಳ್ಳುವ ದ್ರವ, ಬದಲಿಸಿದೆ, ಮನೆ ಮುಂದೆಯೇ. ಕಾರು ಈಗ ಚೆನ್ನಾಗಿದೆ. ಎರಡು ಕ್ಯಾನ್ ಕೊಳಕು ನೀರು ಮಾತ್ರ ಹಾಗೇ ಉಳಿದಿದೆ, ಈ ಪತ್ರ ಅದಕ್ಕಾಗಿ.

ಏಪ್ರಿಲ್‌ನಲ್ಲಿ ಮಾನ್ವಿ ದಾಟಿ ಸಿಂಧನೂರಿನ ಕಡೆ ಹೊರಟಿದ್ದಾಗ ಟೆಂಪರೇಚರ್ ಮುಳ್ಳು ಮೇಲಕ್ಕೆ ಹತ್ತಿತ್ತು. ಬೇವಿನ ನೆರಳಲ್ಲಿ ನಿಲ್ಲಿಸಿ ಮುಕ್ಕಾಲು ಗಂಟೆ ಕಾದೆವು, ಬಿಸಿ ಇರುವಾಗ, ಕೂಲಂಟ್ ತಣಿಸುವ ರೇಡಿಯೇಟರ್‌ನ ಮುಚ್ಚಳ ತಿರುವಿದರೆ ಕುದಿಯುವ ನೀರು ಮುಖಕ್ಕೇ ಹಾರುತ್ತೆ. ತಪ್ಪು ನನ್ನದೂ ಇತ್ತು. ಎರಡು ವರ್ಷದಿಂದ ಕೂಲಂಟ್ ಕಡಿಮೆ ಆದಾಗೆಲ್ಲ ಬೋರ್ ನೀರು ಸುರಿಯುತ್ತಿದ್ದೆ, ಒಂದು ಗ್ಯಾರೇಜಿನಲ್ಲೂ ಪೈಪ್ ಹಿಡಿದು ಅದನ್ನೇ ತುಂಬಿಸಿದ್ದರು. ನಮ್ಮ ರಾಯಚೂರು ಕಡೆ ಬೋರ್ ನೀರು ಎಂಥದ್ದು ಅಂತ ಗೊತ್ತಲ್ವಾ, ಕಾಯಿಸುವ ಪಾತ್ರೆಯ ತಳಕ್ಕೆ ಬೆಳ್ಳಗೆ ಸುಣ್ಣ ಕಟ್ಟುತ್ತೆ. ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಅದೇ ಕಟ್ಟಿತ್ತು.

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಕೆಳಗೆ ಟಬ್ ಇಟ್ಟು ಡ್ರೈನ್ ಪ್ಲಗ್ ಬಿಚ್ಚಿದರೆ ಬಂದದ್ದು ಹಸಿರು ಕೂಲಂಟ್ ಅಲ್ಲ, ತುಕ್ಕಿನ ಬಣ್ಣದ ನೀರು, ಜೊತೆಗೆ ಚಹಾಪುಡಿಯಂಥ ಚೂರು. ಆಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತುಂಬಿಸಿ, ಮುಚ್ಚಳ ಹಾಕಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಮೇಲಿನ ಹೋಸ್ ಬಿಸಿಯಾಗುವ ತನಕ ಇಂಜಿನ್ ಓಡಿಸಿದೆ. ಇಂಜಿನ್ ಬಿಸಿಯಾದಾಗ ತೆರೆಯುವ ಕವಾಟ, ಅದೇ ಥರ್ಮೋಸ್ಟಾಟ್, ತೆರೆದ ಮೇಲೆಯೇ ಒಳಗಿನ ಕೊಳೆ ಹೊರಗೆ ಬರೋದು. ಆರಿಸಿ, ತಣಿಸಿ, ಮತ್ತೆ ಖಾಲಿ ಮಾಡಿದೆ. ಹೀಗೆ ಮೂರು ಸಲ. ಎಷ್ಟೇ ಖಾಲಿ ಮಾಡಿದರೂ ಇಂಜಿನ್ ಒಳಗೆ ಸ್ವಲ್ಪ ನೀರು ನಿಂತೇ ಇರುತ್ತೆ. ಹಾಗಾಗಿ ಗಾಡಿಯ ಪುಸ್ತಕದಲ್ಲಿದ್ದ ಒಟ್ಟು 6 ಲೀಟರ್ ಲೆಕ್ಕ ಹಿಡಿದು, ನೀರು ಬೆರೆಸದ ಕೂಲಂಟ್ 3 ಲೀಟರ್ ಮೊದಲು ಹಾಕಿ, ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್ ತುಂಬಿಸಿದೆ. ಬಣ್ಣ ನೋಡಿ ಕೂಲಂಟ್ ತರಬೇಡಿ, ಪುಸ್ತಕದಲ್ಲಿ ಯಾವುದು ಅಂತ ಬರೆದಿರುತ್ತೆ. ಕೊನೆಗೆ ಗಾಳಿ ಹೋಗಲಿ ಅಂತ ಮುಚ್ಚಳ ತೆಗೆದು, ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಹೋಸ್ ಹಿಸುಕುತ್ತ ಕೂತೆ. ಗುಳ್ಳೆ ಬರುತ್ತಲೇ ಇದ್ದವು. ಮರುದಿನ ನೋಡಿದರೆ ಅರ್ಧ ಲೀಟರ್ ಇಳಿದಿತ್ತು, ತುಂಬಿಸಿದೆ.

ಇನ್ನು ಆ ಕ್ಯಾನ್‌ಗಳ ವಿಷಯ. ಕಸದ ಗಾಡಿಯವರನ್ನು ಕೇಳಿದರೆ "ಗಟಾರಕ್ಕ ಸುರುವ್ರಿ ಸರ್, ಏನಾಗಲ್ಲ" ಅಂದರು. ಏನಾಗಲ್ಲ ಅನ್ನೋಕೆ ಅದು ಬರೀ ನೀರಲ್ಲ. ಕೂಲಂಟ್‌ನಲ್ಲಿ ಸಾಮಾನ್ಯವಾಗಿ ಎಥಿಲಿನ್ ಗ್ಲೈಕಾಲ್ ಅನ್ನೋ ರಾಸಾಯನಿಕ ಇರುತ್ತದೆ, ಅದರ ರುಚಿ ಸಿಹಿ. ನಾಯಿ ಸ್ವಲ್ಪ ನೆಕ್ಕಿದರೂ ಕಿಡ್ನಿ ಕೆಟ್ಟು ಸಾಯಬಹುದು. ನಮ್ಮ ಓಣಿಯ ಗಟಾರ ತೆರೆದೇ ಇದೆ, ಬೇಸಿಗೆಯಲ್ಲಿ ನಾಯಿ, ದನ ಎಲ್ಲ ಅಲ್ಲೇ ಬಾಯಿ ಹಾಕುತ್ತವೆ. ಗ್ಯಾರೇಜಿನವರು ಹಳೆ ಇಂಜಿನ್ ಆಯಿಲ್ ಆದರೆ ಡ್ರಮ್ಮಿನಲ್ಲಿ ಕೂಡಿಸಿ ಇಡುತ್ತಾರೆ, ಅದಕ್ಕೆ ರೇಟ್ ಇದೆ. ಕೂಲಂಟ್ ಯಾರಿಗೂ ಬೇಡ.

ಗ್ಯಾರೇಜುಗಳು ಜಾಸ್ತಿ ಇರುವ ರಸ್ತೆಯಲ್ಲಿ ಇದಕ್ಕೊಂದು ಮುಚ್ಚಳದ ಡ್ರಮ್ ಇಟ್ಟು, ತಿಂಗಳಿಗೊಮ್ಮೆ ನಗರಾಡಳಿತದವರು ಒಯ್ಯಲು ಆಗುವುದಿಲ್ಲವೇ? ಈಗಾಗಲೇ ಅಂಥ ಜಾಗ ಇದ್ದರೆ ಗೊತ್ತಿರುವವರು ಇದೇ ಅಂಕಣದಲ್ಲಿ ಬರೆಯಲಿ. ಅಲ್ಲಿಯವರೆಗೆ ಕ್ಯಾನ್‌ಗಳು "ವಿಷ, ಮುಟ್ಟಬೇಡಿ" ಅನ್ನೋ ಚೀಟಿ ಅಂಟಿಸಿಕೊಂಡು ನಮ್ಮ ಅಟ್ಟದ ಮೇಲೆ ಇರುತ್ತವೆ.

– ಒಬ್ಬ ಓದುಗ, ರಾಯಚೂರು